ಮೊದಲ ಮೆಟ್ಟಿಲು ಯಂತ್ರದ ಪಾಲಾದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಸಿನಿಮಾಗಳಿಗೆ ವಿಷುಯಲ್ ಎಫೆಕ್ಟ್ಸ್ ಮಾಡಿಕೊಡುವ ಬೆಂಗಳೂರಿನ ಸ್ಟುಡಿಯೋಗಳಲ್ಲಿ ರೋಟೋ ಎಂಬ ಒಂದು ಕೆಲಸವಿದೆ. ಓಡುತ್ತಿರುವ ನಟನ ಹಿಂದಿನ ರಸ್ತೆಯನ್ನು ತೆಗೆದು, ಅಲ್ಲಿ ಹೊತ್ತಿ ಉರಿಯುವ ಊರೊಂದನ್ನು ತೋರಿಸಬೇಕಾಗಿದೆ ಎಂದಿಟ್ಟುಕೊಳ್ಳಿ. ಅದಕ್ಕೆ ಮೊದಲು ಆ ನಟನ ಆಕೃತಿಯನ್ನು ಹಿನ್ನೆಲೆಯಿಂದ ಬಿಡಿಸಿಕೊಳ್ಳಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳ ವೇಗದಲ್ಲಿ ಓಡುವುದರಿಂದ, ಹತ್ತು ಸೆಕೆಂಡಿನ ಶಾಟ್ ಎಂದರೆ 240 ಚಿತ್ರಗಳು. ಅವುಗಳಲ್ಲಿ ಪ್ರತಿಯೊಂದರಲ್ಲಿಯೂ ತೋಳು, ಬೆರಳು, ಅಂಗಿಯ ಅಂಚು, ಗಾಳಿಗೆ ಹಾರುವ ಕೂದಲು, ಇವುಗಳ ಸುತ್ತ ಗೆರೆ ಸರಿಯಾಗಿ ಕೂರಬೇಕು. ಚಿತ್ರೀಕರಿಸಿದ ದೃಶ್ಯದ ಮೇಲೆ ಹೀಗೆ ಫ್ರೇಮಿನಿಂದ ಫ್ರೇಮಿಗೆ ಗೆರೆ ಎಳೆಯುವ ರೋಟೋಸ್ಕೋಪ್ ಎಂಬ ಸಾಧನಕ್ಕೆ ಅಮೆರಿಕದ ಮ್ಯಾಕ್ಸ್ ಫ್ಲೈಷರ್ 1917ರಲ್ಲಿ ಪೇಟೆಂಟ್ ಪಡೆದಿದ್ದರು. ಅಂದು ಅದು ಕಾರ್ಟೂನ್ ಚಿತ್ರಗಳ ಪಾತ್ರಗಳಿಗೆ ಸಹಜವಾದ ಚಲನೆ ಕೊಡುವ ಉಪಾಯವಾಗಿತ್ತು. ಇಂದು ಅದೇ ಹೆಸರಿನ ಕೆಲಸ ಕಂಪ್ಯೂಟರಿನಲ್ಲಿ, ಬೇರೊಂದು ಉದ್ದೇಶಕ್ಕಾಗಿ ನಡೆಯುತ್ತಿದೆ.

ಹೊರದೇಶದ ಚಿತ್ರಗಳ ರೋಟೋ ಕೆಲಸವೂ, ನಟರನ್ನು ತೂಗುಹಾಕಿದ ತಂತಿಗಳನ್ನು ದೃಶ್ಯದಿಂದ ಅಳಿಸುವ ಪೇಂಟ್ ಎಂಬ ಕೆಲಸವೂ ಬೆಂಗಳೂರು, ಹೈದರಾಬಾದ್, ಚೆನ್ನೈ, ಮುಂಬೈಗಳಿಗೆ ಬಂದದ್ದು ಮುಖ್ಯವಾಗಿ ಇಲ್ಲಿನ ಸಂಬಳ ಕಡಿಮೆ ಎಂಬ ಕಾರಣಕ್ಕೆ. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ಬಾಗಿಲಿನಿಂದ ನಮ್ಮ ಚಿತ್ರಕಲಾ ಶಾಲೆಗಳ, ಸಣ್ಣ ಊರುಗಳ ಎಷ್ಟೋ ಹುಡುಗ ಹುಡುಗಿಯರು ಈ ಉದ್ಯಮದ ಒಳಗೆ ಬಂದರು. ದಿನವಿಡೀ ಒಂದೇ ಶಾಟಿನ ಮುಂದೆ ಕುಳಿತವರಿಗೆ, ಓಡುವ ದೇಹದ ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ವೇಗವಾಗಿ ಬೀಸಿದ ಕೈ ಕ್ಯಾಮೆರಾದಲ್ಲಿ ಎಷ್ಟು ಮಸುಕಾಗುತ್ತದೆ, ಸಂಜೆಯ ಬೆಳಕು ಕೆನ್ನೆಯ ಅಂಚನ್ನು ಹೇಗೆ ಕರಗಿಸುತ್ತದೆ ಎಂಬುದು ಯಾರೂ ಹೇಳಿಕೊಡದೆಯೇ ಕಣ್ಣಿಗೆ ಹತ್ತುತ್ತಿತ್ತು. ಮಾಡಿದ ಕೆಲಸವನ್ನು ಹಿರಿಯರು ದೊಡ್ಡ ಪರದೆಯಲ್ಲಿ ನೋಡಿ ತಪ್ಪುಗಳನ್ನು ಗುರುತಿಸಿ ಹಿಂದಿರುಗಿಸುತ್ತಿದ್ದರು. ರೋಟೋದಿಂದ ಪೇಂಟ್, ಅಲ್ಲಿಂದ ಬಿಡಿ ಚಿತ್ರಗಳನ್ನೆಲ್ಲ ಒಂದೇ ದೃಶ್ಯವಾಗಿ ಬೆಸೆಯುವ ಕಾಂಪೋಸಿಟಿಂಗ್ ಎಂದು, ಕೆಲವು ವರ್ಷಗಳಲ್ಲಿ ಒಬ್ಬ ಕಲಾವಿದ ರೂಪುಗೊಳ್ಳುತ್ತಿದ್ದ.

ಕೃತಕ ಬುದ್ಧಿಮತ್ತೆ ಮೊದಲು ಕೈ ಹಾಕಿರುವುದು ಈ ಕೆಳಗಿನ ಮೆಟ್ಟಿಲಿಗೇ. ಕಾಂಪೋಸಿಟಿಂಗ್‌ಗೆ ಬಹುವಾಗಿ ಬಳಸುವ ನ್ಯೂಕ್ ತಂತ್ರಾಂಶದಲ್ಲಿ 2021ರಲ್ಲಿಯೇ, ಕಲಾವಿದ ಕೆಲವೇ ಫ್ರೇಮುಗಳಲ್ಲಿ ಮಾಡಿ ತೋರಿಸಿದ ಕೆಲಸವನ್ನು ಕಲಿತುಕೊಂಡು ಉಳಿದವಕ್ಕೆ ತಾನೇ ಅನ್ವಯಿಸುವ ಸೌಲಭ್ಯ ಬಂದಿತು. ಚಿತ್ರದಲ್ಲಿನ ಯಾವುದೇ ವಸ್ತುವಿನ ಮೇಲೆ ಬೆರಳಿಟ್ಟರೆ ಅದರ ಅಂಚನ್ನು ಬಿಡಿಸಿ ಕೊಡುವ ಮಾದರಿಯೊಂದನ್ನು ಮೆಟಾ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಮರುವರ್ಷ ಅದರ ಹೊಸ ಆವೃತ್ತಿ ಚಲಿಸುವ ದೃಶ್ಯಗಳಲ್ಲಿಯೂ ಅದೇ ಕೆಲಸ ಮಾಡತೊಡಗಿತು. ಹಾರುವ ಕೂದಲು, ಹೊಗೆ, ನೀರಿನ ತುಂತುರು, ವೇಗಕ್ಕೆ ಮಸುಕಾದ ಕೈಕಾಲುಗಳು ಎದುರಾದಾಗ ಈ ಯಂತ್ರಗಳು ಇನ್ನೂ ಎಡವುತ್ತವೆ, ಅಂಚುಗಳು ಫ್ರೇಮಿನಿಂದ ಫ್ರೇಮಿಗೆ ನಡುಗುತ್ತವೆ. ಆದರೂ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸದ ದೊಡ್ಡ ಭಾಗ ಗಂಟೆಗಳಲ್ಲಿ ಮುಗಿಯತೊಡಗಿರುವುದು ನಿಜ.

ಇದರಲ್ಲಿ ಸಂತೋಷಪಡಬೇಕಾದದ್ದೂ ಇದೆ. ಕಣ್ಣು ಮತ್ತು ಬೆನ್ನು ಎರಡನ್ನೂ ಸವೆಸುವ ದುಡಿಮೆ ಅದಾಗಿತ್ತು. ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ನನ್ನ ಆತಂಕ ಬೇರೆ. ಯಂತ್ರ ಮಾಡಿದ ಕೆಲಸದಲ್ಲಿ ತಪ್ಪೆಲ್ಲಿದೆ ಎಂದು ಹೇಳಲು ಪಳಗಿದ ಕಣ್ಣು ಬೇಕು. ಆ ಕಣ್ಣು ಪಳಗುತ್ತಿದ್ದದ್ದು ಈಗ ಯಂತ್ರದ ಪಾಲಾಗುತ್ತಿರುವ ಅದೇ ಕೆಲಸದಲ್ಲಿ. ಇಂದು ಹಿರಿಯರಾಗಿರುವವರು ಇನ್ನು ಕೆಲವು ವರ್ಷಗಳಲ್ಲಿ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಬರುವವರು ಎಲ್ಲಿ ಕಲಿತು ಬರುತ್ತಾರೆ?

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಯಕ್ಷಗಾನದ ಮೇಳಗಳಲ್ಲಿ ಹೊಸಬರು ಕೋಡಂಗಿ, ಬಾಲಗೋಪಾಲರ ವೇಷ ಕಟ್ಟಿ, ಮುಖ್ಯ ಪ್ರಸಂಗಕ್ಕೆ ಮುಂಚಿನ ಪೂರ್ವರಂಗದಲ್ಲಿ ಕುಣಿಯುತ್ತಿದ್ದರು. ನೋಡುವವರು ಕಡಿಮೆ ಇರುವ ಆ ಹೊತ್ತಿನಲ್ಲಿ ತಾಳ ತಪ್ಪಿದರೂ ಆಟ ಕೆಡುತ್ತಿರಲಿಲ್ಲ. ಕುಣಿದ ಮೇಲೆ, ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ಹಿರಿಯರ ಮಾತು, ಬಣ್ಣಗಾರಿಕೆಗಳನ್ನು ಕಂಡು ಕಲಿಯುತ್ತಿದ್ದರು. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳು ಕಾಲಮಿತಿಗೆ ಬಂದಾಗ ಮೊದಲು ಮೊಟಕಾದದ್ದು ಈ ಪೂರ್ವರಂಗವೇ. ಪ್ರೇಕ್ಷಕರಿಗೆ ಅದರಿಂದ ಹೆಚ್ಚಿನ ನಷ್ಟವೇನೂ ಕಾಣಲಿಲ್ಲ, ಕಲಿಯುವವರಿಗೆ ಮಾತ್ರ ರಂಗವೇ ಕೈತಪ್ಪಿತು. ಮೇಳದೊಳಗೆ ತಾನಾಗಿ ಆಗುತ್ತಿದ್ದ ಕಲಿಕೆಯನ್ನು ಉಡುಪಿಯ ಯಕ್ಷಗಾನ ಕೇಂದ್ರದಂತಹ ಶಾಲೆಗಳು ಬುದ್ಧಿಪೂರ್ವಕವಾಗಿ ಕಟ್ಟಿಕೊಡಬೇಕಾಯಿತು. ದೃಶ್ಯೋದ್ಯಮದ ಮುಂದೆ ಈಗ ಬಂದಿರುವ ಹೊಣೆಯೂ ಅಂಥದ್ದೇ.

ಎಲ್ಲ ನಷ್ಟಕ್ಕೂ ಯಂತ್ರವನ್ನೇ ದೂರುವುದೂ ಸರಿಯಲ್ಲ. 2025ರ ಫೆಬ್ರವರಿಯಲ್ಲಿ ವಿಷುಯಲ್ ಎಫೆಕ್ಟ್ಸ್ ಮಾಡುವ ಟೆಕ್ನಿಕಲರ್ ಎಂಬ ಬಹುರಾಷ್ಟ್ರೀಯ ಸಮೂಹ ಕುಸಿದು, ಅದರ ಬೆಂಗಳೂರಿನ ಸ್ಟುಡಿಯೋಗಳಲ್ಲಿದ್ದ ಕಲಾವಿದರು ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಂಡರು. ಅದು ಹಣಕಾಸಿನ ಬಿಕ್ಕಟ್ಟಿನಿಂದ ಆದ ಕುಸಿತ. ಹಾಲಿವುಡ್ಡಿನಲ್ಲಿ ಬರಹಗಾರರ ಮತ್ತು ನಟರ 2023ರ ಮುಷ್ಕರಗಳ ನಂತರ ಕೆಲಸವೇ ವಿರಳವಾದದ್ದೂ ಅದರ ಕಾರಣಗಳಲ್ಲೊಂದು. ಆದರೆ ಹಾಗೆ ಬೀದಿಗೆ ಬಂದವರಲ್ಲಿ, ಒಂದೇ ತಂತ್ರಾಂಶದ ಒಂದೇ ಕೆಲಸವನ್ನು ಬಲ್ಲವರಿಗೂ ಚಿತ್ರಕಲೆ, ಛಾಯಾಗ್ರಹಣ, ಕಥನ ಬಲ್ಲವರಿಗೂ ಮುಂದಿನ ದಾರಿ ಒಂದೇ ಬಗೆಯದಾಗಿರಲು ಸಾಧ್ಯವಿರಲಿಲ್ಲ.

ನಮ್ಮ ತರಬೇತಿ ಕೇಂದ್ರಗಳು ಎಡವುತ್ತಿರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಆರು ತಿಂಗಳ, ಒಂದು ವರ್ಷದ ಕೋರ್ಸುಗಳಲ್ಲಿ ಬಹುಪಾಲು ಕಲಿಸುತ್ತಿದ್ದದ್ದು ತಂತ್ರಾಂಶದ ಗುಂಡಿಗಳನ್ನು. ಈಗ ಅದೇ ಕೇಂದ್ರಗಳು ಹೆಸರಿನ ಮುಂದೆ ಎಐ ಎಂದು ಸೇರಿಸಿ, ಯಂತ್ರಕ್ಕೆ ಆದೇಶದ ವಾಕ್ಯ ಬರೆಯುವುದನ್ನು ಕಲಿಸುತ್ತಿವೆ. ಇಂದು ಕಲಿತ ಆದೇಶದ ವಿಧಾನ ಮುಂದಿನ ಆವೃತ್ತಿಯಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು. ಮನುಷ್ಯ ನಿಲ್ಲುವ ಭಂಗಿ, ಬಟ್ಟೆಯ ಮಡಿಕೆ, ನೆರಳಿನ ದಿಕ್ಕು ಇವು ಬದಲಾಗುವುದಿಲ್ಲ. ಆದ್ದರಿಂದ ಮೊದಲ ಕೆಲವು ತಿಂಗಳು ಕಾಗದ ಮತ್ತು ಪೆನ್ಸಿಲ್ ಹಿಡಿದು, ಎದುರಿಗೆ ನಿಂತ ಮನುಷ್ಯನನ್ನು ನೋಡಿ ಬರೆಯುವ ಅಭ್ಯಾಸ ಕಡ್ಡಾಯವಾಗಲಿ. ಬಳಿಕ ರೋಟೋವನ್ನು ಉತ್ಪಾದನೆಗಾಗಿ ಅಲ್ಲದೆ ಅಭ್ಯಾಸಕ್ಕಾಗಿ, ಕೆಲವೇ ಶಾಟುಗಳಿಗೆ ಸೀಮಿತಗೊಳಿಸಿ, ಕೈಯಿಂದಲೇ ಮಾಡಿಸಲಿ. ಅದು ಕೈಗೆ ಹತ್ತಿದ ಮೇಲೆ ಯಂತ್ರದ ಫಲಿತವನ್ನು ಮುಂದಿಟ್ಟು, ಅಂಚು ಎಲ್ಲಿ ನಡುಗಿದೆ, ನೆರಳು ಎಲ್ಲಿ ಸುಳ್ಳಾಗಿದೆ ಎಂದು ಹುಡುಕಿ ತಿದ್ದಲು ಹೇಳಲಿ. ಪರೀಕ್ಷೆಯೂ ಅದರ ಮೇಲೆಯೇ ನಡೆಯಲಿ.

ಸರ್ಕಾರದ ಕಡೆಯಿಂದ ಬುನಾದಿ ಇಲ್ಲವೆನ್ನುವಂತಿಲ್ಲ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕಾಗಿ ದೇಶದಲ್ಲಿ ಮೊದಲು ಪ್ರತ್ಯೇಕ ನೀತಿ ತಂದದ್ದು ಕರ್ನಾಟಕ, 2012ರಲ್ಲಿ. ಈಗ ಜಾರಿಯಲ್ಲಿರುವುದು 2024ರಿಂದ 2029ರವರೆಗಿನ ಮೂರನೆಯ ನೀತಿ. ಚಿತ್ರಕಲಾ ಕಾಲೇಜುಗಳಲ್ಲಿ ಡಿಜಿಟಲ್ ಕಲಾ ಕೇಂದ್ರಗಳನ್ನು ತೆರೆಯುವ ಯೋಚನೆ ಈ ನೀತಿಗಳ ಉತ್ತಮ ಅಂಶಗಳಲ್ಲೊಂದು, ಏಕೆಂದರೆ ಅದು ಕುಂಚ ಹಿಡಿದ ಕೈಗೇ ಕಂಪ್ಯೂಟರನ್ನು ಕೊಡುತ್ತದೆ. ಇನ್ನು, ಕೆಲಸದ ಜಾಗದಲ್ಲೇ ಕಲಿಯುವವರಿಗಾಗಿ 1961ರ ಅಪ್ರೆಂಟಿಸ್ ಕಾಯಿದೆ ಇದೆ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಡಿ ಅಪ್ರೆಂಟಿಸ್‌ಗೆ ಕೊಡುವ ಭತ್ಯೆಯ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿಯ ಮಿತಿಯೊಳಗೆ, ಕೇಂದ್ರ ಸರ್ಕಾರ ಭರಿಸತೊಡಗಿತು. ಬೆಂಗಳೂರಿನ ಬಾಡಿಗೆಯ ಮುಂದೆ ಆ ಮೊತ್ತ ಅಲ್ಪವೇ. ಸ್ಟುಡಿಯೋಗಳು ಯಂತ್ರದಿಂದ ಉಳಿಸಿದ ವೆಚ್ಚದ ಒಂದು ಪಾಲನ್ನು ಕಲಿಯುವವರ ಭತ್ಯೆಗೆ ತೆಗೆದಿಡಬೇಕು, ರಾಜ್ಯದ ಪ್ರೋತ್ಸಾಹಧನವೂ ಅದಕ್ಕೆ ತಳಕು ಹಾಕಿಕೊಳ್ಳಬೇಕು. ಹೊಸಬರನ್ನು ತೆಗೆದುಕೊಳ್ಳದ ಸ್ಟುಡಿಯೋಗೂ ತೆಗೆದುಕೊಂಡು ಕಲಿಸುವ ಸ್ಟುಡಿಯೋಗೂ ಒಂದೇ ಸಹಾಯಧನ ಸಲ್ಲುವುದು ನ್ಯಾಯವಲ್ಲ.

ಇನ್ನೊಂದು ವಿಷಯ ನಮ್ಮ ಪಠ್ಯಕ್ರಮಗಳಲ್ಲಿ ಬಹುತೇಕ ಇಲ್ಲವೇ ಇಲ್ಲ. ಅದು ಕರಾರು ಪತ್ರವನ್ನು ಓದುವ ವಿದ್ಯೆ. ಅಮೆರಿಕದ ಚಿತ್ರಕಥೆ ಬರಹಗಾರರು 2023ರಲ್ಲಿ 148 ದಿನ ಮುಷ್ಕರ ಹೂಡಿ, ಯಂತ್ರ ಬರೆದದ್ದನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸುವಂತಿಲ್ಲ ಎಂದು ಒಪ್ಪಂದದಲ್ಲಿ ಬರೆಸಿಕೊಂಡರು. ನಟರು 118 ದಿನಗಳ ಮುಷ್ಕರದ ನಂತರ, ತಮ್ಮ ಡಿಜಿಟಲ್ ಪ್ರತಿರೂಪ ಮಾಡಲು ಒಪ್ಪಿಗೆ ಪಡೆಯಬೇಕು, ಸಂಭಾವನೆ ಕೊಡಬೇಕು ಎಂಬ ಷರತ್ತುಗಳನ್ನು ಗಳಿಸಿದರು. ನಮ್ಮಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ಧ್ವನಿಯನ್ನು ಅನುಮತಿಯಿಲ್ಲದೆ ಯಂತ್ರದಿಂದ ಸೃಷ್ಟಿಸುವುದಕ್ಕೆ ಬಾಂಬೆ ಹೈಕೋರ್ಟ್ 2024ರ ಜುಲೈನಲ್ಲಿ ತಡೆ ನೀಡಿತು. ಪ್ರಸಿದ್ಧರಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಶಕ್ತಿ ಇದೆ. ಕನ್ನಡದಲ್ಲಿ ಡಬ್ಬಿಂಗ್ ಮಾಡುವ, ಜಾಹೀರಾತಿಗೆ ದನಿ ಕೊಡುವ ಹೊಸ ಕಲಾವಿದೆಗೆ ಆ ಶಕ್ತಿ ಎಲ್ಲಿಂದ ಬರಬೇಕು? ಒಂದು ದಿನದ ಸಂಭಾವನೆಗೆ ಸಹಿ ಹಾಕಿದ ಕಾಗದದಲ್ಲಿ, ಆಕೆಯ ದನಿಯನ್ನು ಯಂತ್ರಕ್ಕೆ ಕಲಿಸಲು ಶಾಶ್ವತವಾಗಿ ಬಿಟ್ಟುಕೊಟ್ಟ ಒಂದು ಸಾಲು ಸೇರಿಕೊಂಡಿದ್ದರೆ, ಅದನ್ನು ಗುರುತಿಸಿ ತೆಗೆಸುವಷ್ಟು ತಿಳಿವಳಿಕೆ ತರಬೇತಿಯ ಭಾಗವಾಗಬೇಕು. ಚಿತ್ರಕಾರರಿಗೂ, ಅನುವಾದಕರಿಗೂ, ಸಂಗೀತ ಸಂಯೋಜಕರಿಗೂ ಇದು ಅಷ್ಟೇ ಅಗತ್ಯ.

ಮಗಳನ್ನೋ ಮಗನನ್ನೋ ಇಂತಹ ಕೋರ್ಸಿಗೆ ಸೇರಿಸಲು ಯೋಚಿಸುತ್ತಿರುವ ತಂದೆತಾಯಿಯರು ಈಗ ಕೇಳುತ್ತಿರಬಹುದು. ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ ದಯವಿಟ್ಟು ಆ ಕೇಂದ್ರಕ್ಕೆ ಖುದ್ದಾಗಿ ಹೋಗಿ. ಕಲಿಸುವವರು ಯಾವ ಸ್ಟುಡಿಯೋದಲ್ಲಿ, ಯಾವ ಚಿತ್ರಗಳಿಗೆ ಕೆಲಸ ಮಾಡಿದ್ದಾರೆ ಎಂದು ವಿಚಾರಿಸಿ. ಗೋಡೆಯ ಮೇಲಿನ ಜಾಹೀರಾತನ್ನು ಬಿಟ್ಟು, ಈಗ ಕಲಿಯುತ್ತಿರುವ ವಿದ್ಯಾರ್ಥಿಗಳ ರೇಖಾಚಿತ್ರದ ಪುಸ್ತಕಗಳನ್ನು ತೋರಿಸಲು ಕೇಳಿ. ಕಳೆದ ವರ್ಷ ಕಲಿತು ಹೋದವರು ಈಗ ಯಾವ ಕೆಲಸದಲ್ಲಿದ್ದಾರೆ ಎಂಬುದನ್ನು ಅವರಲ್ಲೇ ಇಬ್ಬರು ಮೂವರನ್ನು ಮಾತನಾಡಿಸಿ ತಿಳಿದುಕೊಳ್ಳಿ. ಸ್ಟುಡಿಯೋದಲ್ಲಿ ನಿಜವಾದ ಶಾಟುಗಳ ಮೇಲೆ ಎಷ್ಟು ತಿಂಗಳು ಕೆಲಸ ಮಾಡಿಸುತ್ತಾರೆ, ಆ ಅವಧಿಗೆ ಭತ್ಯೆ ಉಂಟೇ ಎಂಬುದನ್ನು ಬರಹದಲ್ಲಿಯೇ ಪಡೆದುಕೊಳ್ಳಿ.

ನಮಸ್ಕಾರ.