ಆರನೇ ಕ್ಲಾಸಿನ ಆ ಒಂದು ಹಾಳೆ

ಎಲ್ಲರಿಗೂ ನಮಸ್ಕಾರ. ರಜೆಯ ಮಧ್ಯಾಹ್ನ ಬಿಡುವು ಮಾಡಿಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ನಾನು ಇಲ್ಲಿ ಅಮೆರಿಕದ ಮಿಡಲ್ ಸ್ಕೂಲೊಂದರಲ್ಲಿ, ಅಂದರೆ 6ರಿಂದ 8ನೇ ಕ್ಲಾಸಿನವರೆಗಿನ ಶಾಲೆಯಲ್ಲಿ, ಗಣಿತ ಹೇಳಿಕೊಡುತ್ತೇನೆ. 14 ವರ್ಷ ಆಯಿತು.

ನಮ್ಮವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ. "ಹೈಸ್ಕೂಲಿನಲ್ಲಿ ಎಷ್ಟು ಎಪಿ ತಗೋಬೇಕು ಮೇಡಂ?" ಎಪಿ ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು. ಸಾಮಾನ್ಯವಾಗಿ ಮಗುವಿಗೆ ಹತ್ತನೇ ಕ್ಲಾಸು ಶುರುವಾದಾಗ ಕೇಳುತ್ತಾರೆ. ಇವತ್ತು ನಾನು ಆ ಪ್ರಶ್ನೆಯನ್ನು ನಾಲ್ಕು ವರ್ಷ ಹಿಂದಕ್ಕೆ ತೆಗೆದುಕೊಂಡು ಹೋಗುತ್ತೇನೆ. ಯಾಕೆಂದರೆ ಅದರ ಅರ್ಧ ಉತ್ತರ ಐದು, ಆರನೇ ಕ್ಲಾಸಿನಲ್ಲೇ ತೀರ್ಮಾನವಾಗಿರುತ್ತದೆ. ತೀರ್ಮಾನ ಆದದ್ದು ಎಷ್ಟೋ ಮನೆಗಳಿಗೆ ಗೊತ್ತೇ ಆಗಿರುವುದಿಲ್ಲ.

ಗಣಿತವನ್ನೇ ನೋಡಿ. ಮೆಟ್ಟಿಲನ್ನು ಮೇಲಿನಿಂದ ಕೆಳಕ್ಕೆ ಇಳಿಯೋಣ. 12ನೇ ಕ್ಲಾಸಿನಲ್ಲಿ ಎಪಿ ಕ್ಯಾಲ್ಕುಲಸ್ ಓದಬೇಕು ಅಂದುಕೊಳ್ಳಿ. ಅದಕ್ಕೆ 11ರಲ್ಲಿ ಪ್ರಿಕ್ಯಾಲ್ಕುಲಸ್ ಆಗಿರಬೇಕು. 10ರಲ್ಲಿ ಆಲ್ಜೀಬ್ರಾ 2. 9ರಲ್ಲಿ ಜಾಮೆಟ್ರಿ. ಹಾಗಾದರೆ ಆಲ್ಜೀಬ್ರಾ 1 ಯಾವಾಗ? 8ನೇ ಕ್ಲಾಸಿನಲ್ಲಿ. ಅಂದರೆ ಮಿಡಲ್ ಸ್ಕೂಲಿನಲ್ಲೇ. ಆಲ್ಜೀಬ್ರಾ 1 ಅನ್ನು 9ರಲ್ಲಿ ಶುರು ಮಾಡಿದ ಮಗು, ವರ್ಷಕ್ಕೊಂದು ಮೆಟ್ಟಿಲು ಹತ್ತಿದರೆ, ಪ್ರಿಕ್ಯಾಲ್ಕುಲಸ್‌ಗೆ ಬಂದು ನಿಲ್ಲುತ್ತದೆ. ಮಗು ಜಾಣೆಯೋ ಅಲ್ಲವೋ ಅನ್ನುವ ಮಾತೇ ಇಲ್ಲಿ ಬರುವುದಿಲ್ಲ. ವರ್ಷ ಸಾಲುವುದಿಲ್ಲ, ಅಷ್ಟೇ.

ಇನ್ನೂ ಒಂದು ಮೆಟ್ಟಿಲು ಕೆಳಗಿದೆ. 8ರಲ್ಲಿ ಆಲ್ಜೀಬ್ರಾ ಓದಬೇಕಾದರೆ 6, 7, 8ನೇ ಕ್ಲಾಸುಗಳ ಮೂರು ವರ್ಷದ ಗಣಿತ ಎರಡೇ ವರ್ಷದಲ್ಲಿ ಮುಗಿಯಬೇಕು. ಅದಕ್ಕಾಗಿ ಬಹಳ ಶಾಲೆಗಳಲ್ಲಿ ಆರನೇ ಕ್ಲಾಸಿನಿಂದಲೇ ಬೇರೆ ತರಗತಿ ಇರುತ್ತದೆ. ಆನರ್ಸ್ ಅನ್ನುತ್ತಾರೆ, ಅಡ್ವಾನ್ಸ್ಡ್ ಅನ್ನುತ್ತಾರೆ, ಕಾಂಪ್ಯಾಕ್ಟೆಡ್ ಅನ್ನುತ್ತಾರೆ. ಹೆಸರು ಊರಿಗೊಂದು. ಆ ತರಗತಿಗೆ ಯಾರು ಹೋಗಬೇಕು ಅನ್ನುವುದು ಐದನೇ ಕ್ಲಾಸಿನ ಕೊನೆಯಲ್ಲಿ ಒಂದು ಪರೀಕ್ಷೆ, ಒಬ್ಬರು ಟೀಚರ ಅಭಿಪ್ರಾಯ, ಮನೆಗೆ ಬಂದ ಒಂದು ಹಾಳೆ, ಇಷ್ಟರಲ್ಲಿ ಮುಗಿದುಹೋಗುತ್ತದೆ.

ಕೆಲವು ವರ್ಷದ ಹಿಂದೆ ಎಂಟನೇ ಕ್ಲಾಸಿಗೆ ಒಬ್ಬಳು ಹುಡುಗಿ ಹೊಸದಾಗಿ ಬಂದಳು. ಮೊದಲ ವಾರವೇ ನನಗೆ ಗೊತ್ತಾಯಿತು. ನಾನು ಬೋರ್ಡಿನ ಮೇಲೆ ಸಮೀಕರಣ ಬರೆದು ತಿರುಗುವಷ್ಟರಲ್ಲಿ ಅವಳ ಪುಸ್ತಕದಲ್ಲಿ ಉತ್ತರ ಇರುತ್ತಿತ್ತು. ವಿಮಾನ ಕಟ್ಟುವ ಎಂಜಿನಿಯರ್ ಆಗಬೇಕು ಅಂತ ಆಸೆ ಅವಳಿಗೆ. ಆದರೆ ಅವಳಿದ್ದದ್ದು ಸಾಮಾನ್ಯ ಗಣಿತದ ತರಗತಿಯಲ್ಲಿ. ಹಿಂದಿನ ಶಾಲೆಯಲ್ಲಿ ಆ ಪರೀಕ್ಷೆಗೆ ಹೆಸರು ಕೊಡಬೇಕಿತ್ತಂತೆ, ಕೊಟ್ಟಿರಲಿಲ್ಲ. ಅವರಮ್ಮ ನನ್ನ ಎದುರು ಕೂತು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಹೀಗೊಂದು ಇದೆ ಅಂತ ಯಾರೂ ಹೇಳಲೇ ಇಲ್ವಲ್ಲ."

ಆ ಹುಡುಗಿಗೆ ದಾರಿ ಸಿಕ್ಕಿತು. ಹತ್ತನೇ ಕ್ಲಾಸಿನಲ್ಲಿ ಜಾಮೆಟ್ರಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ಓದಿದಳು. ಹೀಗೆ ಎರಡು ಮೆಟ್ಟಿಲು ಒಂದೇ ವರ್ಷದಲ್ಲಿ ಹತ್ತಬಹುದು. ಬೇಸಿಗೆ ರಜೆಯಲ್ಲಿ ಒಂದು ಕೋರ್ಸ್ ಮುಗಿಸಲೂಬಹುದು. ಆದರೆ ಅದಕ್ಕಾಗಿ ಅವಳು ತುಂಬಾ ಇಷ್ಟಪಡುತ್ತಿದ್ದ ಆರ್ಕೆಸ್ಟ್ರಾ ತರಗತಿ ಬಿಡಬೇಕಾಯಿತು. ತಡವಾದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಕಳೆದುಕೊಳ್ಳುವುದು ಏನಾದರೂ ಇದ್ದೇ ಇರುತ್ತದೆ.

ಮೆಟ್ಟಿಲಿನ ಈ ಕಥೆಯನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸಿದವರು ಹೈಮೆ ಎಸ್ಕಲಾಂಟೆ. ಬೊಲಿವಿಯಾದಿಂದ ಬಂದ ಮೇಷ್ಟ್ರು. ಪೂರ್ವ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ 1974ರಿಂದ ಪಾಠ ಮಾಡಿದರು. ಅಲ್ಲಿದ್ದ ಮಕ್ಕಳು ಬಹುಪಾಲು ಬಡ ಲ್ಯಾಟಿನೋ ಮನೆಗಳವರು. 1982ರಲ್ಲಿ ಅವರ 18 ವಿದ್ಯಾರ್ಥಿಗಳು ಎಪಿ ಕ್ಯಾಲ್ಕುಲಸ್ ಬರೆದು ಪಾಸಾದರು. ಉತ್ತರಗಳು ಒಂದೇ ಥರ ಇವೆ ಅಂತ 14 ಮಕ್ಕಳ ಮೇಲೆ ಅನುಮಾನ ಬಂತು. 12 ಮಕ್ಕಳು ಮತ್ತೆ ಪರೀಕ್ಷೆ ಬರೆದರು. 12 ಜನವೂ ಮತ್ತೆ ಪಾಸಾದರು. ಇಷ್ಟು ಎಲ್ಲರಿಗೂ ಗೊತ್ತು.

ಅದರ ಹಿಂದಿನ ವರ್ಷಗಳ ಬಗ್ಗೆ ಮಾತ್ರ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅವರು ಕ್ಯಾಲ್ಕುಲಸ್ ತರಗತಿ ಶುರು ಮಾಡಿದ ಮೊದಲ ವರ್ಷ ಕೊನೆತನಕ ಉಳಿದವರು ಬೆರಳೆಣಿಕೆಯಷ್ಟು ಮಕ್ಕಳು. ಆಮೇಲೆ ಅವರು ಕೆಳಗಿನ ತರಗತಿಗಳ ಕಡೆ ತಿರುಗಿದರು. ಆಲ್ಜೀಬ್ರಾ ಗಟ್ಟಿ ಮಾಡಿದರು. ಹತ್ತಿರದ ಕಾಲೇಜಿನಲ್ಲಿ ಬೇಸಿಗೆ ತರಗತಿ ನಡೆಸಿದರು. ಒಬ್ಬ ಮೇಷ್ಟ್ರು ಒಂದು ವರ್ಷದಲ್ಲಿ ಮಾಡಿದ ಪವಾಡ ಅಂತ ಈ ಕಥೆಯನ್ನು ಹೇಳುವಾಗ ನನಗೆ ಬೇಜಾರಾಗುತ್ತದೆ. ಅವರು ವರ್ಷಗಟ್ಟಲೆ ಒಂದೊಂದೇ ಮೆಟ್ಟಿಲು ಕಟ್ಟಿದರು.

ಹಾಗಾದರೆ ಆರನೇ ಕ್ಲಾಸಿನ ಆ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು, ಯಾರು ಹೇಳಬೇಕು? ಫ್ಲೋರಿಡಾದ ಬ್ರೊವಾರ್ಡ್ ಕೌಂಟಿಯಲ್ಲಿ ಮೊದಲು ಪ್ರತಿಭಾವಂತ ಮಕ್ಕಳ ತರಗತಿಗೆ ಟೀಚರ್ ಅಥವಾ ಅಪ್ಪ ಅಮ್ಮ ಹೆಸರು ಸೂಚಿಸಬೇಕಿತ್ತು. 2005ರಲ್ಲಿ ಅಲ್ಲಿ ಎರಡನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಒಂದು ಪರೀಕ್ಷೆ ಕೊಡಲು ಶುರು ಮಾಡಿದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜುಲಿಯಾನೊ ಅನ್ನುವ ಅರ್ಥಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಬಡ ಮನೆಯ ಮಕ್ಕಳು, ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳು ಮೊದಲಿಗಿಂತ ಎಷ್ಟೋ ಜಾಸ್ತಿ ಸಂಖ್ಯೆಯಲ್ಲಿ ಆಯ್ಕೆಯಾದರು. ಆ ಮಕ್ಕಳು ಮೊದಲೂ ಅಲ್ಲೇ, ಅದೇ ಬೆಂಚುಗಳಲ್ಲೇ ಕೂತಿದ್ದರು ಅಲ್ವಾ? ಯಾರೂ ಅವರ ಹೆಸರು ಬರೆದಿರಲಿಲ್ಲ.

ಈಗ ಕೆಲವು ರಾಜ್ಯಗಳು ಇದನ್ನು ಕಾನೂನು ಮಾಡಿವೆ. ಟೆಕ್ಸಾಸ್‌ನ 2023ರ ಕಾನೂನಿನ ಪ್ರಕಾರ ಐದನೇ ಕ್ಲಾಸಿನ ಗಣಿತದಲ್ಲಿ ಮೇಲಿನ 40 ಶೇಕಡಾದಲ್ಲಿ ಬರುವ ಮಕ್ಕಳನ್ನು ಆರನೇ ಕ್ಲಾಸಿನಲ್ಲಿ ಅಡ್ವಾನ್ಸ್ಡ್ ಗಣಿತಕ್ಕೆ ಶಾಲೆಯೇ ಸೇರಿಸಬೇಕು. ಬೇಡ ಅನ್ನುವ ಹಕ್ಕು ಮಾತ್ರ ಮನೆಯವರದ್ದು. ನನ್ನ ಮಟ್ಟಿಗೆ ಇದೇ ಸರಿಯಾದ ಕ್ರಮ. ಕೇಳಿದವರಿಗೆ ಮಾತ್ರ ಸಿಗುವ ವ್ಯವಸ್ಥೆಯಲ್ಲಿ ಇಂಗ್ಲಿಷ್ ಗೊತ್ತಿರುವ, ಶಾಲೆಗೆ ಫೋನ್ ಮಾಡಲು ಹಿಂಜರಿಯದ ಮನೆಗಳೇ ಗೆಲ್ಲುತ್ತವೆ.

ಇದರ ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಮಕ್ಕಳನ್ನು ಅಷ್ಟು ಬೇಗ ಬೇರೆ ಬೇರೆ ಮಾಡಬಾರದು ಅಂತ ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ 8ನೇ ಕ್ಲಾಸಿನ ಆಲ್ಜೀಬ್ರಾವನ್ನೇ ತೆಗೆಯಿತು. ಉದ್ದೇಶ ಒಳ್ಳೆಯದೇ. ಆದರೆ ದುಡ್ಡಿದ್ದವರು ಹೊರಗೆ ಕೋರ್ಸ್ ಮಾಡಿಸಿಕೊಂಡರು. 2024ರ ಮಾರ್ಚ್‌ನಲ್ಲಿ ಆ ಊರಿನ ಮತದಾರರು ಅದನ್ನು ವಾಪಸ್ ತನ್ನಿ ಅಂತ ಮತ ಹಾಕಿದರು.

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಎಲ್ಲ ಮಕ್ಕಳನ್ನೂ ಎಳೆದುಕೊಂಡು ಹೋಗಿ ಕೂರಿಸಿ ಅಂತ ನಾನು ಹೇಳುತ್ತಿಲ್ಲ. ಭಿನ್ನರಾಶಿ ಕಂಡರೆ ತಡವರಿಸುವ, ಅನುಪಾತ ಇನ್ನೂ ಕೂತಿಲ್ಲದ ಮಗುವಿಗೆ ಒಂದು ವರ್ಷ ಹೆಚ್ಚು ಕೊಡಿ. ಆ ಬುನಾದಿ ಸಡಿಲ ಇದ್ದರೆ ಆಲ್ಜೀಬ್ರಾದಲ್ಲಿ ಮಗು ನಿಯಮಗಳನ್ನು ಸುಮ್ನೆ ಬಾಯಿಪಾಠ ಮಾಡುತ್ತದೆ. ಇಷ್ಟವಿದ್ದ ವಿಷಯವೇ ಬೇಡವಾಗುತ್ತದೆ. ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಈಗ ಹೈಸ್ಕೂಲಿಗೆ ಬರೋಣ. ಮುಖ್ಯವಾಗಿ ಮೂರು ದಾರಿ ಇವೆ. ಎಪಿ ನಡೆಸುವುದು ಕಾಲೇಜ್ ಬೋರ್ಡ್ ಅನ್ನುವ ಸಂಸ್ಥೆ. ಬೇಕಾದ ವಿಷಯ ಮಾತ್ರ ಆರಿಸಿಕೊಳ್ಳಬಹುದು. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಪರೀಕ್ಷೆಗೆ ಹೆಸರು ಕೊಡುವುದು ಮಾತ್ರ ಹಿಂದಿನ ನವೆಂಬರ್ ಒಳಗೇ, ಮರೆಯಬೇಡಿ. ಫೀಸು ಕಷ್ಟವಾದರೆ ರಿಯಾಯಿತಿ ಇದೆ, ಕೌನ್ಸೆಲರ್ ಹತ್ತಿರ ಕೇಳಿ, ಸಂಕೋಚ ಬೇಡ.

ಎರಡನೆಯದು ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಡಿಪ್ಲೊಮಾ. ಅದು 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಸಂಸ್ಥೆಯದ್ದು. ಅದು ಎರಡು ವರ್ಷದ ಪೂರ್ತಿ ಊಟ ಇದ್ದ ಹಾಗೆ. ಆರು ವಿಷಯ, ಒಂದೊಂದಕ್ಕೆ 7 ಅಂಕ. ಜೊತೆಗೆ 4,000 ಪದಗಳ ಒಂದು ಪ್ರಬಂಧ. ಮಗು ತಾನೇ ಪ್ರಶ್ನೆ ಹುಡುಕಿ, ತಿಂಗಳುಗಟ್ಟಲೆ ಓದಿ ಬರೆಯಬೇಕು. ಬರೆಯುವುದು ಇಷ್ಟ ಇರುವ ಮಕ್ಕಳಿಗೆ ಇದು ಬಹಳ ಒಳ್ಳೆಯದು.

ಮೂರನೆಯದು ಡ್ಯುಯಲ್ ಎನ್‌ರೋಲ್‌ಮೆಂಟ್. ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ, ಅಂದರೆ ಊರಿನ ಎರಡು ವರ್ಷದ ಕಾಲೇಜಿನ, ಕೋರ್ಸ್ ಓದುವುದು. ಮಿನೆಸೋಟಾ 1985ರಲ್ಲೇ ಇದಕ್ಕೆ ಕಾನೂನು ಮಾಡಿತು. ಇಲ್ಲಿ ಒಂದು ಎಚ್ಚರ. ಎಪಿ ಪರೀಕ್ಷೆಯಲ್ಲಿ 2 ಬಂದರೆ ಆ ಅಂಕವನ್ನು ಕಾಲೇಜಿಗೆ ಕಳಿಸದೆ ಇರಬಹುದು. ಕಮ್ಯುನಿಟಿ ಕಾಲೇಜಿನಲ್ಲಿ ಬಂದ ಸಿ ಗ್ರೇಡ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಉಳಿದೇ ಉಳಿಯುತ್ತದೆ.

ಕ್ರೆಡಿಟ್ ಆಸೆಗೆ, ಅಂದರೆ ಓದಿದ್ದು ಮುಂದೆ ಕಾಲೇಜಿನ ಡಿಗ್ರಿ ಲೆಕ್ಕಕ್ಕೆ ಸೇರುತ್ತದೆ ಅನ್ನುವ ಆಸೆಗೆ ಮಾತ್ರ ಇವುಗಳನ್ನು ಆರಿಸಬೇಡಿ. ಕಾಲೇಜಿನಿಂದ ಕಾಲೇಜಿಗೆ ನಿಯಮ ಬೇರೆ. ಕೆಲವರು 3ಕ್ಕೇ ಕ್ರೆಡಿಟ್ ಕೊಡುತ್ತಾರೆ, ಕೆಲವರು 5 ಕೇಳುತ್ತಾರೆ, ಕ್ಯಾಲ್ಟೆಕ್ ಎಪಿಗೆ ಕ್ರೆಡಿಟ್ ಕೊಡುವುದೇ ಇಲ್ಲ.

ಎಷ್ಟು ತೆಗೆದುಕೊಳ್ಳಬೇಕು? ಕಾಲೇಜಿನಲ್ಲಿ ಪ್ರವೇಶದ ಅರ್ಜಿ ಓದುವವರು ನಿಮ್ಮ ಮಗುವನ್ನು ಅದರ ಶಾಲೆಯಲ್ಲಿ ಏನೇನು ಸಿಗುತ್ತಿತ್ತು ಅನ್ನುವುದರ ಜೊತೆ ಇಟ್ಟು ನೋಡುತ್ತಾರೆ. ಆರು ಎಪಿ ಇರುವ ಶಾಲೆಯ ಮಗುವಿಗೆ ಹನ್ನೆರಡು ಯಾಕೆ ಇಲ್ಲ ಅಂತ ಯಾರೂ ಕೇಳುವುದಿಲ್ಲ. ನಾನು ಮನೆಯವರಿಗೆ ಹೇಳುವುದು ಇಷ್ಟು: ಮೊದಲು ರಾತ್ರಿ ನಿದ್ದೆಯ ಗಂಟೆ ಬರೆಯಿರಿ. ಆಟ, ಸಂಗೀತ, ಊಟದ ಮೇಜಿನ ಮಾತು ಬರೆಯಿರಿ. ಉಳಿದ ಜಾಗದಲ್ಲಿ ಎಷ್ಟು ಹಿಡಿಸುತ್ತದೋ ಅಷ್ಟು. ಯಾವ ವಿಷಯದ ಬಗ್ಗೆ ಮಗು ಕೇಳದೆಯೂ ಮಾತಾಡುತ್ತದೋ ಅದರಿಂದ ಶುರು ಮಾಡಿ.

ಈಗ ಐದು, ಆರನೇ ಕ್ಲಾಸಿನ ಮಕ್ಕಳಿರುವವರು ಮೊದಲು ಮುಂದಕ್ಕೆ ಬನ್ನಿ. ಖಾಲಿ ಹಾಳೆ ತಂದಿದ್ದೇನೆ. ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಮೆಟ್ಟಿಲು ಹೇಗಿದೆ, ಪರೀಕ್ಷೆ ಯಾವ ತಿಂಗಳಲ್ಲಿ, ಹೆಸರು ಕೊಡಬೇಕೋ ಬೇಡವೋ, ಒಟ್ಟಿಗೆ ಕೂತು ಬರೆಯೋಣ. ಹೈಸ್ಕೂಲಿನವರು ದಯವಿಟ್ಟು ಸ್ವಲ್ಪ ಕಾಯಿರಿ, ನಿಮ್ಮ ಪ್ರಶ್ನೆಗಳನ್ನೂ ಕೇಳಿಯೇ ಹೋಗುತ್ತೇನೆ.