ಮಕ್ಕಳ ನಡಿಗೆಗೆ ತಕ್ಕಂತೆ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ನನ್ನ ಮಾತು ಮುಖ್ಯವಾಗಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುವ ಕ್ರೈಸ್ತ ತಾಯಂದಿರಿಗೆ. ಹೋಂಸ್ಕೂಲಿಂಗ್ ಅಂತಾರಲ್ಲ, ಅದೇ. ನಮ್ಮ ನಾಡಿನಲ್ಲಿ ಇಂಥ ಮನೆಗಳು ಕಡಿಮೆ. ಒಂದು ಸಭೆಯಲ್ಲಿ, ಅಂದರೆ ಒಂದು ಚರ್ಚಿನಲ್ಲಿ, ಒಬ್ಬರಿದ್ದರೆ ಹೆಚ್ಚು. ಅದಕ್ಕೇ ಧೈರ್ಯ ಕುಂದಿದಾಗ ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮಕ್ಕಳನ್ನು ಶಾಲೆಗೆ ಕಳಿಸುವವರೂ ರೇಡಿಯೋ ಆರಿಸಬೇಡಿ. ನಿಮಗೂ ಕೊನೆಯಲ್ಲಿ ಸ್ವಲ್ಪ ಕೆಲಸ ಇದೆ.

ಭಾನುವಾರ ಆರಾಧನೆ ಮುಗಿದ ಮೇಲೆ ಯಾರಾದರೂ ಮಗುವಿನ ಗಲ್ಲ ಹಿಡಿದು, 'ಯಾವ ಸ್ಕೂಲು ಪುಟ್ಟಾ?' ಅಂತ ಕೇಳಿಯೇ ಕೇಳುತ್ತಾರೆ. 'ಮನೇಲೇ' ಅಂತ ಮಗು ಹೇಳುತ್ತದೆ. ಆಮೇಲೆ ಎಲ್ಲರೂ ತಾಯಿಯ ಮುಖ ನೋಡುತ್ತಾರೆ. ಅದರಲ್ಲೂ ನಮ್ಮವರು ಹಾಗೆ ನೋಡುವುದಕ್ಕೆ ಕಾರಣವೂ ಇದೆ. ಈ ನಾಡಿನಲ್ಲಿ ಊರೂರಿಗೆ ಶಾಲೆ ಕಟ್ಟಿದವರಲ್ಲಿ ಕ್ರೈಸ್ತರು ಮುಂದೆ ಇದ್ದರು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಬಂದ ಕೆಲವೇ ವರ್ಷಗಳಲ್ಲಿ ಶಾಲೆ ತೆರೆದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿದ್ದೂ ಅದೇ ಮಿಷನ್‌ನ ಮೋಗ್ಲಿಂಗ್ ಅವರಿಂದ. 'ಊರಿಗೆಲ್ಲ ಶಾಲೆ ಕೊಟ್ಟವರು ನಾವು, ನೀನು ನೋಡಿದರೆ ಮಗೂನ ಮನೇಲಿ ಕೂರಿಸಿದ್ದೀಯ' ಅಂತ ಒಬ್ಬ ಹಿರಿಯರು ಅಂದರೆ ಏನು ಉತ್ತರ ಕೊಡುವುದು? ನಾನಂತೂ ವಾದಕ್ಕೆ ಹೋಗುವುದಿಲ್ಲ. ಅವರು ಹೇಳುವುದರಲ್ಲಿ ಹೆಮ್ಮೆ ಇದೆ, ಆ ಹೆಮ್ಮೆ ನ್ಯಾಯವಾದದ್ದೇ. ಶಾಲೆ ಕೆಟ್ಟದ್ದು ಅಂತ ನಾವು ಮನೆಪಾಠ ಹಿಡಿದಿದ್ದರೆ ಆ ಸಿಟ್ಟು ಬಹಳ ದಿನ ಬಾಳುವುದೂ ಇಲ್ಲ. ಬೆಳಿಗ್ಗೆ ಎದ್ದು ಪುಸ್ತಕ ತೆರೆಯಲು ಸಿಟ್ಟು ಸಾಲದು.

ಆದರೆ ಒಂದು ಮಾತು. ಸಭೆಯ ಬಾಗಿಲಲ್ಲಿ ಬರುವ ಪ್ರಶ್ನೆಗಿಂತ ಜಾಸ್ತಿ ನಮ್ಮನ್ನು ಕುಗ್ಗಿಸುವುದು ಮನೆಯೊಳಗಿನ ಹನ್ನೊಂದು ಗಂಟೆ.

ಹನ್ನೊಂದು ಗಂಟೆ ಅಂದರೆ ನಿಮಗೆ ಗೊತ್ತಲ್ವಾ? ಕುಕ್ಕರ್ ಎರಡು ಸಲ ಕೂಗಿರುತ್ತದೆ. ಚಿಕ್ಕದು ಕ್ರೆಯಾನ್ ಬಾಯಿಗೆ ಹಾಕಿಕೊಂಡಿರುತ್ತದೆ. ದೊಡ್ಡದರ ಮುಂದೆ ಲೆಕ್ಕದ ಪುಸ್ತಕ. 52ರಲ್ಲಿ 17 ಕಳೆ. ಮಗು 45 ಅಂತ ಬರೆಯುತ್ತದೆ. ನಿನ್ನೆಯೂ 45, ಮೊನ್ನೆಯೂ 45. ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗಿರುತ್ತದೆ. ಪಕ್ಕದ ಮನೆಯ ಹುಡುಗ ಅದೇ ವಯಸ್ಸಿಗೆ ಗುಣಾಕಾರ ಮಾಡುತ್ತಿದ್ದಾನೆ ಅಂತ ಆಗಲೇ ನೆನಪಾಗಬೇಕು. 'ನನ್ನ ಕೈಲಿ ಆಗಲ್ಲ, ಸುಮ್ನೆ ಯಾವುದಾದರೂ ಶಾಲೆಗೆ ಹಾಕಿಬಿಡೋಣ' ಅನ್ನಿಸುವುದು ಇಂಥ ಹೊತ್ತಿನಲ್ಲಿ.

ಆ 45ನ್ನು ಸ್ವಲ್ಪ ನೋಡಿ. ಮಗು ಏನು ಮಾಡಿದೆ? ಎರಡರಲ್ಲಿ ಏಳು ಹೋಗುವುದಿಲ್ಲ. ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಬರೆದಿದೆ. ಐದರಲ್ಲಿ ಒಂದು ಕಳೆದು ನಾಲ್ಕು ಬರೆದಿದೆ. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅಂತ ನಾವೇ ಹೇಳಿಕೊಟ್ಟಿದ್ದನ್ನು ಚಾಚೂ ತಪ್ಪದೆ ಪಾಲಿಸಿದೆ! ಅದಕ್ಕೆ ಲೆಕ್ಕ ಬರುವುದಿಲ್ಲ ಅಂತಲ್ಲ, ದಶಕ ಬಿಡಿಸುವುದು ಇನ್ನೂ ಕೈಗೆ ಹತ್ತಿಲ್ಲ. ಬೆಂಕಿಕಡ್ಡಿ ತೆಗೆದುಕೊಳ್ಳಿ. ಹತ್ತತ್ತು ಕಡ್ಡಿ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು ಮಾಡಿ, ಎರಡು ಬಿಡಿ ಇಡಿ. 'ಹದಿನೇಳು ಕೊಡು' ಅನ್ನಿ. ಮಗು ಎರಡು ಬಿಡಿ ಕಡ್ಡಿ ಕೊಡುತ್ತದೆ, ಆಮೇಲೆ ಕಟ್ಟುಗಳನ್ನು ನೋಡುತ್ತದೆ, ನಿಮ್ಮ ಮುಖ ನೋಡುತ್ತದೆ. ಬಾಯಿ ಬಿಡಬೇಡಿ. ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತಾನಾಗಿ ಬಿಚ್ಚುವ ತನಕ ಕಾಯಿರಿ. ಅದು ಆ ದಿನವೇ ಆಗಬಹುದು, ಮುಂದಿನ ವಾರವೂ ಆಗಬಹುದು. ನಲವತ್ತು ಮಕ್ಕಳ ತರಗತಿಯಲ್ಲಿ ಎಷ್ಟೇ ಒಳ್ಳೆಯ ಟೀಚರ್ ಇದ್ದರೂ ಒಂದು ಮಗುವಿಗಾಗಿ ಹೀಗೆ ಕಾಯುವುದು ಕಷ್ಟ. ಕಾಯಲು ಸಮಯ ಇರುವುದು ನಮಗೆ. ಅದನ್ನೇ ನಾವು ಶಾಲೆಯ ಗಂಟೆಗೆ ಹೆದರಿ ಕಳೆದುಕೊಳ್ಳುತ್ತೇವೆ.

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಈ ವಿಷಯಕ್ಕೆ ನನಗೆ ತುಂಬ ಹಿಡಿಸಿದ್ದು ಆದಿಕಾಂಡದ 33ನೇ ಅಧ್ಯಾಯ. ಯಾಕೋಬ ವರ್ಷಗಟ್ಟಲೆ ಆದ ಮೇಲೆ ಅಣ್ಣ ಏಸಾವನನ್ನು ಭೇಟಿ ಮಾಡುತ್ತಾನೆ. ಏಸಾವನ ಜೊತೆ ನಾನೂರು ಗಂಡಾಳು. 'ಬಾ, ಹೊರಡೋಣ' ಅನ್ನುತ್ತಾನೆ ಏಸಾವ. ಯಾಕೋಬ ಒಪ್ಪುವುದಿಲ್ಲ. ಮಕ್ಕಳು ಇನ್ನೂ ಎಳೆಯವು, ಹಾಲೂಡಿಸುವ ಕುರಿ ದನಗಳಿವೆ, ಒಂದೇ ಒಂದು ದಿನ ಅವಸರದಿಂದ ಹೊಡೆದರೂ ಮಂದೆಯೆಲ್ಲ ಸತ್ತುಹೋಗುತ್ತದೆ ಅನ್ನುತ್ತಾನೆ. ನೀನು ಮುಂದೆ ಹೋಗು, ನಾನು ದನಗಳ ನಡಿಗೆಗೂ ಮಕ್ಕಳ ನಡಿಗೆಗೂ ತಕ್ಕಂತೆ ಮೆಲ್ಲಗೆ ಬರುತ್ತೇನೆ ಅನ್ನುತ್ತಾನೆ. ಯಾಕೋಬ ಬೇರೆ ವಿಷಯದಲ್ಲಿ ಎಂಥ ಚಾಲಾಕಿ ಅಂತ ನಮಗೆಲ್ಲ ಗೊತ್ತು. ಇಲ್ಲಿಯೂ ಅಣ್ಣನ ಊರಿಗೆ ಬರುತ್ತೇನೆ ಅಂತ ಹೇಳಿ ಸುಕ್ಕೋತಿಗೆ ಹೋಗಿ ಮನೆ ಕಟ್ಟಿಕೊಂಡ! ಆದರೆ ಮಕ್ಕಳ ವಿಷಯದಲ್ಲಿ ಅವನು ಹೇಳಿದ್ದು ಸರಿ. ಏಸಾವನೂ ಕೆಟ್ಟವನಾಗಿ ಅವಸರ ಮಾಡಲಿಲ್ಲ. ಅವನ ಜೊತೆ ಇದ್ದವರು ಗಂಡಾಳುಗಳು, ಅವರ ನಡಿಗೆ ಬೇರೆ.

ಇನ್ನು ಸುಸಾನ್ನಾ ವೆಸ್ಲಿ. ಮೈಸೂರಿನ ವೆಸ್ಲಿ ಕಥೀಡ್ರಲ್ ಮುಂದೆ ಎಷ್ಟೋ ಸಲ ಓಡಾಡಿರುತ್ತೀರಿ. ಆ ಹೆಸರು ಬಂದದ್ದು ಮೆಥಡಿಸ್ಟ್ ಸಭೆಗಳ ಹುಟ್ಟಿಗೆ ಕಾರಣನಾದ ಬೋಧಕ ಜಾನ್ ವೆಸ್ಲಿಯಿಂದ. ಆ ಜಾನ್ ಅಕ್ಷರ ಕಲಿತದ್ದು ತಾಯಿ ಸುಸಾನ್ನಾಳ ಬಳಿ, ಇಂಗ್ಲೆಂಡಿನ ಎಪ್‌ವರ್ತ್ ಅನ್ನುವ ಸಣ್ಣ ಊರಿನ ಪಾದ್ರಿ ಮನೆಯಲ್ಲಿ. ಸುಸಾನ್ನಾ ಹುಟ್ಟಿದ್ದು 1669ರಲ್ಲಿ. ಹೆತ್ತದ್ದು 19 ಮಕ್ಕಳನ್ನು. ಅವುಗಳಲ್ಲಿ ಅರ್ಧದಷ್ಟು ಎಳವೆಯಲ್ಲೇ ತೀರಿಕೊಂಡವು. ಗಂಡನಿಗೆ ಸಾಲ. ಸಾಲಕ್ಕಾಗಿ ಒಮ್ಮೆ ಸೆರೆಮನೆಗೂ ಹೋದವರು ಅವರು. ಇಷ್ಟರ ನಡುವೆ ದಿನಕ್ಕೆ ಆರು ಗಂಟೆ ಪಾಠ.

ನಮ್ಮ ಕೂಟಗಳಲ್ಲಿ ಸುಸಾನ್ನಾಳ ಬಗ್ಗೆ ಒಂದೇ ಕಥೆ ಹೇಳುತ್ತಾರೆ. ಏಪ್ರನ್ ತಲೆ ಮೇಲೆ ಎಳೆದುಕೊಂಡು ಪ್ರಾರ್ಥನೆ ಮಾಡುತ್ತಿದ್ದಳು, ಮಕ್ಕಳು ಗದ್ದಲ ಮಾಡುತ್ತಿರಲಿಲ್ಲ ಅಂತ. ಅದನ್ನು ಕೇಳಿ ಮನೆಗೆ ಬಂದ ತಾಯಿಗೆ ಧೈರ್ಯ ಬರುವುದಿಲ್ಲ, ನಾಚಿಕೆ ಬರುತ್ತದೆ. ನನಗೆ ಇಷ್ಟವಾಗುವುದು ಆಕೆ ತನ್ನ ಪದ್ಧತಿಯ ಬಗ್ಗೆ 1732ರಲ್ಲಿ ಮಗ ಜಾನ್‌ಗೆ ಬರೆದ ಕಾಗದ. ಐದು ವರ್ಷ ತುಂಬಿದ ಮಾರನೆಯ ದಿನ ಮಗುವಿಗೆ ಪಾಠ ಶುರು. ಒಂದೇ ದಿನದಲ್ಲಿ ಇಂಗ್ಲಿಷಿನ ಎಲ್ಲಾ ಅಕ್ಷರ ಬರಬೇಕು. ಮಾಲಿ ಮತ್ತು ನ್ಯಾನ್ಸಿ ಅನ್ನುವ ಹುಡುಗಿಯರಿಗೆ ಮಾತ್ರ ಒಂದೂವರೆ ದಿನ ಹಿಡಿಯಿತಂತೆ. ಅದಕ್ಕೆ ಅವರು ಮಂದಬುದ್ಧಿಯವರು ಅಂತ ಆಗ ಅಂದುಕೊಂಡೆ ಅಂತ ಬರೆಯುತ್ತಾಳೆ! ಒಂದೂವರೆ ದಿನಕ್ಕೆ! ನಮ್ಮ ಕಾಗುಣಿತ, ಒತ್ತಕ್ಷರ ನೋಡಿದ್ದರೆ ಏನನ್ನುತ್ತಿದ್ದಳೋ. ದಯವಿಟ್ಟು ಈ ವಿಷಯದಲ್ಲಿ ಆಕೆಯನ್ನು ಹಿಂಬಾಲಿಸಬೇಡಿ.

ಅದೇ ಕಾಗದದಲ್ಲಿ ಇನ್ನೊಂದು ಸಂಗತಿ ಇದೆ. 1709ರ ಫೆಬ್ರವರಿಯಲ್ಲಿ ಮನೆಗೆ ಬೆಂಕಿ ಬಿತ್ತು. ಐದು ವರ್ಷದ ಜಾನ್‌ನನ್ನು ಕಿಟಕಿಯಿಂದ ಎಳೆದು ಉಳಿಸಿದರು. ಮನೆ ಪೂರ್ತಿ ಸುಟ್ಟುಹೋಯಿತು. ಮಕ್ಕಳನ್ನು ಬೇರೆ ಬೇರೆ ಮನೆಗಳಲ್ಲಿ ಇರಿಸಬೇಕಾಯಿತು. ಮತ್ತೆ ಎಲ್ಲರೂ ಒಂದು ಸೂರಿನಡಿ ಸೇರುವ ಹೊತ್ತಿಗೆ ಮಕ್ಕಳು ಒರಟು ಮಾತು ಕಲಿತಿದ್ದವು, ಸಿಕ್ಕಸಿಕ್ಕ ಹಾಡು ಕಲಿತಿದ್ದವು, ಭಾನುವಾರದ ಶಿಸ್ತು ಬಿಟ್ಟುಹೋಗಿತ್ತು. ವರ್ಷಗಟ್ಟಲೆ ಕಟ್ಟಿದ್ದೆಲ್ಲ ಕೆಲವೇ ತಿಂಗಳಲ್ಲಿ ಚದುರಿಹೋಗಿತ್ತು. ಸುಸಾನ್ನಾ ಏನು ಮಾಡಿದಳು? ಮೊದಲಿನಿಂದ ಶುರು ಮಾಡಿದಳು. ಪಾಠದ ಆರಂಭಕ್ಕೂ ಕೊನೆಗೂ ಕೀರ್ತನೆ ಹಾಡುವುದನ್ನು ಆಗ ಸೇರಿಸಿದಳು. ಸಂಜೆ ಐದಕ್ಕೆ ದೊಡ್ಡ ಮಗು ಚಿಕ್ಕದನ್ನು ಕರೆದುಕೊಂಡು ಹೋಗಿ ಓದಿ ಹೇಳಬೇಕು, ಎರಡನೆಯದು ಅದರ ನಂತರದ ಚಿಕ್ಕದನ್ನು.  ಜ್ವರ ಬಂದು ಎರಡು ವಾರ, ಊರಿಗೆ ಹೋಗಿ ಒಂದು ತಿಂಗಳು ಪಾಠ ನಿಂತಾಗ 'ಎಲ್ಲಾ ಮುಗೀತು' ಅನ್ನುವ ತಾಯಂದಿರಿಗೆ ನಾನು ಹೇಳುವುದು ಏಪ್ರನ್ ಕಥೆಯಲ್ಲ, ಈ ಬೆಂಕಿಯ ನಂತರದ ಕಥೆ.

ವಾರದಲ್ಲಿ ಒಂದು ಸಂಜೆ ಒಂದೊಂದು ಮಗುವಿಗೆ ಅಂತ ಆಕೆ ಎತ್ತಿಟ್ಟಿದ್ದಳು. ಜಾನ್‌ನ ಸಂಜೆ ಗುರುವಾರ. ಪಾಠ ಒಪ್ಪಿಸುವ ಹೊತ್ತಲ್ಲ ಅದು, ಮಗುವಿನ ಜೊತೆ ಕೂತು ಮಾತಾಡುವ ಹೊತ್ತು. ದೊಡ್ಡವನಾಗಿ ಆಕ್ಸ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದಾಗಲೂ ಆ ಗುರುವಾರದ ಸಂಜೆಯನ್ನು ನೆನೆದು ಜಾನ್ ತಾಯಿಗೆ ಬರೆದ. ಇನ್ನೊಂದು ವಿಷಯವನ್ನು ನಮ್ಮವರು ಹೇಳುವುದೇ ಇಲ್ಲ. ಜಾನ್ ಹತ್ತು ವರ್ಷದವನಾದಾಗ, 1714ರಲ್ಲಿ, ಲಂಡನ್ನಿನ ಶಾಲೆಗೆ ಹೋದ. ತಮ್ಮ ಚಾರ್ಲ್ಸ್ ಕೂಡ ಆಮೇಲೆ ಶಾಲೆಗೇ ಹೋದ. ಹಾಗಾಗಿ ಬರುವ ಜೂನ್‌ನಲ್ಲಿ ನಿಮ್ಮ ಮಗು ಶಾಲೆಗೆ ಹೋಗುವುದೇ ಒಳ್ಳೆಯದು ಅನ್ನಿಸಿದರೆ ಕಳಿಸಿ. ಮನೆಪಾಠ ಜೀವನವಿಡೀ ಹಿಡಿಯಬೇಕಾದ ವ್ರತವಲ್ಲ. ನಂಬಿಕೆ ಬಿಟ್ಟ ಹಾಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕಾನೂನಿನ ಭಯ ಹಲವರಿಗೆ ಇದೆ, ಅದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. 6ರಿಂದ 14 ವರ್ಷದ ಮಕ್ಕಳಿಗೆ ಅದು ಅನ್ವಯ. ಹತ್ತಿರದ ಶಾಲೆಗೆ ಮಗುವನ್ನು ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಸೇರಿಸದಿದ್ದರೆ ಪೋಷಕರಿಗೆ ಇಂಥ ಶಿಕ್ಷೆ ಅಂತ ಕಾಯ್ದೆಯಲ್ಲಿ ಬರೆದಿಲ್ಲ. ಹೋಂಸ್ಕೂಲಿಂಗ್ ಮಾಡಿ ಅಂತಲೂ ಬರೆದಿಲ್ಲ, ಮಾಡಬೇಡಿ ಅಂತಲೂ ಇಲ್ಲ. ಹಾಗಾಗಿ ಮಗು ಕಲಿಯುತ್ತಿರುವುದಕ್ಕೆ ದಾಖಲೆ ಇಟ್ಟುಕೊಳ್ಳಿ. ನೋಟ್‌ಬುಕ್, ಚಿತ್ರ, ಓದಿದ ಪುಸ್ತಕಗಳ ಪಟ್ಟಿ, ದಿನಾಂಕದ ಸಮೇತ. ಹತ್ತನೇ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಎನ್‌ಐಒಎಸ್. 14 ವರ್ಷ ತುಂಬಿದ ಮಗು ಸೇರಬಹುದು. ಐದು ವಿಷಯ ಪಾಸಾದರೆ ಸಾಕು, ಐದನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಮುಗಿಸಲು ಐದು ವರ್ಷ ಅವಕಾಶ. ನಮ್ಮ ಯಾಕೋಬನಿಗೆ ಈ ನಿಯಮ ಬಹಳ ಇಷ್ಟವಾಗುತ್ತಿತ್ತು.

ಈಗ ತಾಯಿಯ ಆಯಾಸಕ್ಕೆ ಬರೋಣ. ದಣಿದವರಿಗೆ ನಾವು ತಕ್ಷಣ ವಾಕ್ಯ ಕೊಡುತ್ತೇವೆ. 'ಪ್ರಾರ್ಥನೆ ಮಾಡಿ ಸಿಸ್ಟರ್, ಎಲ್ಲಾ ಸರಿಹೋಗುತ್ತೆ.' ಆದರೆ ಪ್ರವಾದಿ ಎಲೀಯ ಅಡವಿಗೆ ಓಡಿಹೋಗಿ, ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಅಂದಾಗ ದೇವರು ಏನು ಮಾಡಿದರು? ಮಲಗಲು ಬಿಟ್ಟರು. ದೂತನನ್ನು ಕಳಿಸಿ, ಎದ್ದು ಊಟ ಮಾಡು ಅಂದರು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ಬೈಯಲಿಲ್ಲ, ಮತ್ತೊಮ್ಮೆ ಎಬ್ಬಿಸಿ ಊಟ ಕೊಟ್ಟರು. ನೀನಿಲ್ಲಿ ಏನು ಮಾಡುತ್ತಿದ್ದೀಯ ಅನ್ನುವ ಪ್ರಶ್ನೆ ಬಂದದ್ದು ಆಮೇಲೆ. ರಾತ್ರಿ ಹನ್ನೆರಡರ ತನಕ ಮಾರನೆಯ ದಿನದ ವರ್ಕ್‌ಶೀಟ್ ತಯಾರು ಮಾಡುವ ತಾಯಂದಿರು ಈ ಕ್ರಮವನ್ನು ಗಮನಿಸಬೇಕು.

ಮತ್ತೆ ಎಲ್ಲ ಪಾಠವೂ ಮೇಜಿನ ಮೇಲೆ ನಡೆಯಬೇಕಾಗಿಲ್ಲ. ಶಾರ್ಲೆಟ್ ಮೇಸನ್ ಅಂತ ಇಂಗ್ಲೆಂಡಿನಲ್ಲಿ ಒಬ್ಬ ಶಿಕ್ಷಕಿ ಇದ್ದರು, 1923ರಲ್ಲಿ ತೀರಿಕೊಂಡರು. ಚಿಕ್ಕ ಮಕ್ಕಳಿಗೆ ಒಂದು ಪಾಠ ಇಪ್ಪತ್ತು ನಿಮಿಷ ಮೀರಬಾರದು ಅನ್ನುವುದು ಅವರ ಅಭಿಪ್ರಾಯ. ಓದಿದ್ದನ್ನು, ನೋಡಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು, ಅಷ್ಟೇ. ಮೈಸೂರಿನಲ್ಲಿದ್ದರೆ ಕಾರಂಜಿ ಕೆರೆಗೆ ಹೋಗಿ. ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿ, ನೀರಿಗೆ ಕೊಕ್ಕು ಹಾಕಿ, ಕೆಳಗಿನ ಚೀಲದ ತುಂಬ ನೀರು ತುಂಬಿಕೊಂಡು, ನೀರನ್ನೆಲ್ಲ ಹೊರಗೆ ಬಸಿದು, ಆಮೇಲೆ ತಲೆ ಎತ್ತಿ ಮೀನು ನುಂಗುವುದನ್ನು ಮಗು ನೋಡಲಿ. ಮನೆಗೆ ಬಂದು ಅಜ್ಜಿಗೆ ಹೇಳಲಿ. ಅಜ್ಜಿ ಅಂದೆ, ಯಾಕೆಂದರೆ ತನ್ನ ಶಿಷ್ಯ ತಿಮೊಥೆಯನ ನಂಬಿಕೆಯ ಬಗ್ಗೆ ಬರೆಯುವಾಗ ಅಪೊಸ್ತಲ ಪೌಲನು ಮೊದಲು ಹೆಸರಿಸುವುದು ಅಜ್ಜಿ ಲೋವಿಯನ್ನು, ಆಮೇಲೆ ತಾಯಿ ಯೂನೀಕೆಯನ್ನು. ಅತ್ತೆಯೋ ಅಮ್ಮನೋ ಮನೆಯಲ್ಲಿದ್ದರೆ ಕಥೆಯ ಪಾಠ ಅವರಿಗೆ ಬಿಟ್ಟುಕೊಡಿ. ಅವರ ಉಚ್ಚಾರಣೆ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ, ನೋಡಿ ಬೇಕಾದರೆ.

ಶಾಲೆಗೆ ಕಳಿಸುವವರಿಗೆ ಕೆಲಸ ಇದೆ ಅಂದಿದ್ದೆ. ನಿಮ್ಮ ಸಭೆಯಲ್ಲಿ ಇಂಥ ತಾಯಿ ಇದ್ದರೆ ಆಕೆಯ ಮಗುವಿಗೆ ಎಲ್ಲರೆದುರು ಮಗ್ಗಿ ಕೇಳಬೇಡಿ. ನಿಮ್ಮ ಮಕ್ಕಳ ಹಳೆಯ ಪಠ್ಯಪುಸ್ತಕ ಕೊಡಿ. ಸಂಜೆ ಆಟಕ್ಕೆ ಕರೆಯಿರಿ. ವಿಜ್ಞಾನದ ಟೀಚರ್ ಆಗಿದ್ದರೆ ತಿಂಗಳಿಗೊಮ್ಮೆ ಒಂದು ಗಂಟೆ ಆ ಮಗುವಿನ ಜೊತೆ ಕೂತುಕೊಳ್ಳಿ.

ಇನ್ನು ಗಂಡಂದಿರು. ಸುಸಾನ್ನಾ ಒಂದು ಮಗುವಿಗೆ ಒಂದೇ ಮಾತನ್ನು ಹೇಳುತ್ತಾ ಇದ್ದುದನ್ನು ಆಕೆಯ ಗಂಡ ಕೂತು ಎಣಿಸಿದರಂತೆ. 'ಇಪ್ಪತ್ತು ಸಲ ಹೇಳಿದೆಯಲ್ಲ, ನಿನ್ನ ತಾಳ್ಮೆಯೇ!' ಅಂದರಂತೆ. ಹತ್ತೊಂಬತ್ತಕ್ಕೇ ನಿಲ್ಲಿಸಿದ್ದರೆ ಪಟ್ಟ ಶ್ರಮವೆಲ್ಲ ಹಾಳಾಗುತ್ತಿತ್ತು ಅಂತ ಆಕೆ ಉತ್ತರಿಸಿದಳು. ಇದನ್ನು ಬರೆದಿಟ್ಟವನು ಮಗ ಜಾನ್. ತಾಯಿಯ ತಾಳ್ಮೆಗೆ ಎಲ್ಲರೂ ಈ ಕಥೆ ಹೇಳುತ್ತಾರೆ. ನನಗೆ ಕಾಣುವುದು ಪಕ್ಕದಲ್ಲಿ ಕೂತು ಎಣಿಸುತ್ತಿದ್ದ ಅಪ್ಪ. ಹತ್ತನೆಯ ಸಲಕ್ಕೆ ಎದ್ದು ಬಂದು ಉಳಿದ ಹತ್ತನ್ನು ತಾವು ಹೇಳಬಹುದಿತ್ತಲ್ಲ! ತಾಯಂದಿರೇ, 'ಶನಿವಾರ ಬೆಳಗಿನ ಪಾಠ ನಿಮ್ಮದು' ಅಂತ ಮನೆಯವರಿಗೆ ಇವತ್ತೇ ಹೇಳಿಬಿಡಿ. ಹೇಗೆ ನಡೆಯುತ್ತಿದೆ ಅಂತ ಬಾಗಿಲ ಹಿಂದೆ ನಿಂತು ಕೇಳಬೇಡಿ. ಹೋಗಿ ಮಲಗಿ.

ನಮಸ್ಕಾರ.