ಮ್ಯುಟೇಶನ್ ಅಂದ ಕೂಡಲೇ ಅಮ್ಮನ ಕಡೆ ಯಾಕೆ ನೋಡುತ್ತೀರಿ?

ಮಗುವಿಗೆ ಹುಟ್ಟಿನಿಂದಲೇ ಏನೋ ತೊಂದರೆ ಇದೆ, ಟೆಸ್ಟ್ ಮಾಡಿಸಿದ ಡಾಕ್ಟರು "ಜೀನ್‌ನಲ್ಲಿ ಮ್ಯುಟೇಶನ್ ಆಗಿದೆ" ಅಂದರು ಅಂದುಕೊಳ್ಳಿ. ಅಂದರೆ ದೇಹಕ್ಕೆ ಬೇಕಾದ ಸೂಚನೆಗಳನ್ನು ಬರೆದಿಟ್ಟ ಡಿಎನ್‌ಎಯ ಒಂದು ತುಂಡಿನಲ್ಲಿ (ಅದೇ ಜೀನ್) ಬರಹ ಬದಲಾಗಿದೆ. ಆಮೇಲೆ ಎಲ್ಲರ ಕಣ್ಣು ಯಾರ ಮೇಲೆ? ಅಮ್ಮನ ಮೇಲೆ. ಬಸುರಿಯಾಗಿದ್ದಾಗ ಏನು ತಿಂದೆ, ಯಾವ ಮಾತ್ರೆ ನುಂಗಿದೆ, ಫೋನು ಎಷ್ಟು ಹೊತ್ತು ಹಿಡಿದಿದ್ದೆ. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಕನಿಕರದ ಮಾತು ಬಿಡಿ, ಲೆಕ್ಕವೇ ಉಲ್ಟಾ ಇದೆ.

ನಮ್ಮ ಡಿಎನ್‌ಎಯಲ್ಲಿ ಅಮ್ಮನಿಂದ ಬಂದದ್ದು ಸುಮಾರು 300 ಕೋಟಿ ಅಕ್ಷರ, ಅಪ್ಪನಿಂದ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಒಂದು ಜೀವಕೋಶ ಎರಡಾಗುವ ಮೊದಲು ಇಷ್ಟನ್ನೂ ನಕಲು ಮಾಡಬೇಕು. ನಕಲು ಮಾಡುವ ಕಿಣ್ವ ತಾನು ಬರೆದದ್ದನ್ನು ತಾನೇ ತಿದ್ದುತ್ತದೆ, ಅದು ಬಿಟ್ಟದ್ದನ್ನು ಸರಿಮಾಡಲು ಬೇರೆ ಪ್ರೋಟೀನುಗಳೂ ಇವೆ, ಅಷ್ಟಾದರೂ ಅಲ್ಲೊಂದು ಇಲ್ಲೊಂದು ತಪ್ಪು ಉಳಿದೇ ಉಳಿಯುತ್ತದೆ. ಹಾಗಾಗಿ ಪ್ರತಿ ಮಗುವೂ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಸುಮಾರು 60-70 ಹೊಸ ಬದಲಾವಣೆ ಹೊತ್ತೇ ಹುಟ್ಟುತ್ತದೆ. ನೀವೂ ಹಾಗೇ ಹುಟ್ಟಿದ್ದು, ನಾನೂ ಹಾಗೇ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡುವುದಿಲ್ಲ, ಸುಮ್ನೆ ಬಿದ್ದಿರುತ್ತವೆ.

ಈಗ ಕೇಳಿ. ಈ ಹೊಸ ಬದಲಾವಣೆಗಳಲ್ಲಿ ಮುಕ್ಕಾಲು ಪಾಲು ಬರುವುದು ಅಪ್ಪನಿಂದ! ಹೆಣ್ಣಿನ ಅಂಡಾಣುಗಳಿಗೆ ಬೇಕಾದ ಡಿಎನ್‌ಎ ನಕಲು ಆಕೆ ಹುಟ್ಟುವ ಮೊದಲೇ ಮುಗಿದಿರುತ್ತದೆ. ಗಂಡಿನಲ್ಲಿ ಹಾಗಲ್ಲ. ಹರೆಯದಲ್ಲಿ ಶುರುವಾದ ವೀರ್ಯಾಣು ತಯಾರಿ ಮುದುಕನಾದರೂ ನಿಲ್ಲುವುದಿಲ್ಲ, ನಕಲಿನ ನಕಲು, ಅದರ ನಕಲು. ಅಪ್ಪನಿಗೆ ಒಂದು ವರ್ಷ ವಯಸ್ಸು ಜಾಸ್ತಿಯಾದರೆ ಮಗುವಿನಲ್ಲಿ ಹೊಸ ಮ್ಯುಟೇಶನ್ ಒಂದೆರಡು ಜಾಸ್ತಿ. ಅಕಾಂಡ್ರೋಪ್ಲೇಸಿಯಾ ಅಂತ ಒಂದಿದೆ, ಕೈಕಾಲಿನ ಮೂಳೆ ಉದ್ದ ಬೆಳೆಯುವುದಿಲ್ಲ. ಇಂಥ 100 ಮಕ್ಕಳಲ್ಲಿ ಸುಮಾರು 80 ಮಕ್ಕಳ ಅಪ್ಪ ಅಮ್ಮ ಇಬ್ಬರಲ್ಲೂ ಅದು ಇರುವುದಿಲ್ಲ. ಹೊಸದಾಗಿ ಬಂದ ಆ ಒಂದಕ್ಷರದ ಬದಲಾವಣೆ ಹೆಚ್ಚುಕಡಿಮೆ ಯಾವಾಗಲೂ ಅಪ್ಪನ ಕಡೆಯದೇ.

ಹಾಗಂತ ನಾಳೆಯಿಂದ ಅಪ್ಪನಿಗೆ ಬೈಯಿರಿ ಅಂತಲ್ಲ ಮಾರಾಯ್ರೇ.

ಹೊರಗಿನ ಕಾರಣಗಳು ಇಲ್ಲವೇ ಇಲ್ಲ ಅಂತಲೂ ಅಲ್ಲ. ಎಕ್ಸ್-ರೇ ತಾಗಿದ ಹಣ್ಣುನೊಣಗಳ ಮರಿಗಳಲ್ಲಿ ಮ್ಯುಟೇಶನ್ ವಿಪರೀತ ಹೆಚ್ಚುತ್ತದೆ ಅಂತ ವಿಜ್ಞಾನಿ ಹರ್ಮನ್ ಮುಲ್ಲರ್ 1927ರಲ್ಲೇ ತೋರಿಸಿದರು, 1946ರಲ್ಲಿ ಅದಕ್ಕೆ ನೊಬೆಲ್ ಬಂತು. ಬಿಸಿಲಿನ ಅತಿನೇರಳೆ ಕಿರಣ, ಸಿಗರೇಟಿನ ಹೊಗೆ ಎರಡೂ ಡಿಎನ್‌ಎ ಕೆಡಿಸುತ್ತವೆ. ಆದರೆ ಬಿಸಿಲು ಕೆಡಿಸುವುದು ಚರ್ಮದ ಕೋಶವನ್ನು. ಅಲ್ಲಿ ಕ್ಯಾನ್ಸರ್ ಬರಬಹುದು, ಮಗುವಿಗೆ ಅದು ದಾಟುವುದಿಲ್ಲ. ಇನ್ನು ಫೋನು? ಅದರ ರೇಡಿಯೋ ಅಲೆಗೆ ಡಿಎನ್‌ಎ ಮುರಿಯುವಷ್ಟು ಶಕ್ತಿಯೇ ಇಲ್ಲ. ಚೆರ್ನೋಬಿಲ್ ಅಣುಸ್ಥಾವರದ ದುರಂತದಲ್ಲಿ ವಿಕಿರಣಕ್ಕೆ ಸಿಕ್ಕವರಿಗೆ ಆಮೇಲೆ ಹುಟ್ಟಿದ 130 ಮಕ್ಕಳ ಇಡೀ ಡಿಎನ್‌ಎ ಓದಿ ನೋಡಿದರು, 2021ರಲ್ಲಿ ಫಲಿತಾಂಶ ಬಂತು. ಹೊಸ ಮ್ಯುಟೇಶನ್ ಮಾಮೂಲಿಗಿಂತ ಜಾಸ್ತಿ ಇರಲಿಲ್ಲ. ಚೆರ್ನೋಬಿಲ್‌ನಲ್ಲೇ ಹೀಗೆ, ನೀವು ಅಮ್ಮ ತಿಂದ ಹಣ್ಣಿನ ಬಗ್ಗೆ ಮಾತಾಡುತ್ತಿದ್ದೀರಿ. (ಬಸಿರಿನಲ್ಲಿ ಹೆಂಡ ಕುಡಿದರೆ ಮಗುವಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ, ನಿಜ. ಅದು ಬೇರೆ ಕಥೆ, ಈ ಟೆಸ್ಟಿನಲ್ಲಿ ಸಿಕ್ಕ ಮ್ಯುಟೇಶನ್ ಅಲ್ಲ.)

ಎಲ್ಲ ಕಾಯಿಲೆಯೂ ಹೊಸ ಮ್ಯುಟೇಶನ್‌ನಿಂದಲೇ ಬರುವುದಿಲ್ಲ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ ನೋಡಿ. ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲು, ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಅದು ತಲೆಮಾರುಗಳಿಂದ ಹರಿದು ಬಂದದ್ದು. ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಮೇಲಾಗಿ ಕಠಿಣ ಮಲೇರಿಯಾದಿಂದ ರಕ್ಷಣೆಯೂ ಸಿಗುತ್ತದೆ. ಮಲೇರಿಯಾ ಇದ್ದ ಕಡೆಗಳಲ್ಲೇ ಅದು ಹೆಚ್ಚು ಉಳಿದುಕೊಂಡದ್ದು ಅದಕ್ಕೇ. ಇಂಥದ್ದನ್ನು ಕೆಟ್ಟದ್ದು ಅಂತ ಒಂದೇ ಮಾತಿನಲ್ಲಿ ಹೇಳುವುದು ಹೇಗೆ?

ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆ ನಿಜಕ್ಕೂ ಇದೆ: ಇದು ಹೊಸದಾಗಿ ಆದದ್ದೋ, ನಮ್ಮಿಂದ ಬಂದದ್ದೋ? ಸಿಕಲ್ ಸೆಲ್‌ನ ಹಾಗೆ ಇಬ್ಬರಿಂದಲೂ ಬಂದರೆ ಮಾತ್ರ ಬರುವ ಕಾಯಿಲೆಯಾಗಿ, ಇಬ್ಬರಲ್ಲೂ ಆ ಜೀನ್‌ನ ಒಂದೊಂದು ಬದಲಾದ ನಕಲು ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಹೊಸದಾದರೆ ಮುಂದಿನ ಮಗುವಿಗೆ ಮತ್ತೆ ಅದೇ ಬರುವುದು ತೀರಾ ಅಪರೂಪ. ಅಪ್ಪ ಅಮ್ಮ ಇಬ್ಬರ ರಕ್ತವನ್ನೂ ಟೆಸ್ಟಿಗೆ ಕೇಳುವುದು ಇದಕ್ಕೇ, ಅಪರಾಧಿ ಹುಡುಕಲಿಕ್ಕಲ್ಲ.